ಮನೆ ಹತ್ತಿರದ ಸರ್ಕಾರಿ ಶಾಲೆ: ಸರಿಯಾದದ್ದನ್ನು ಆರಿಸಲು 12 ಸೂತ್ರಗಳು

ಕೆಲಸ ಬದಲಿಸುವ ಮುಂಚೆ ನೀವು ಏನೆಲ್ಲ ವಿಚಾರಿಸುತ್ತೀರಿ! ಸಂಬಳ ಎಷ್ಟು, ಮ್ಯಾನೇಜರ್ ಯಾರು, ಹಳಬರು ಯಾಕೆ ಬಿಟ್ಟು ಹೋದರು, ಕ್ಯಾಬ್ ಇದೆಯಾ, ಎಲ್ಲವೂ. ಮಗುವಿಗೆ ಶಾಲೆ ಹುಡುಕುವಾಗ ಮಾತ್ರ ಪಕ್ಕದ ಮನೆಯವರು ಆಡಿದ ಒಂದು ಮಾತಿನ ಮೇಲೆ ಹತ್ತು ವರ್ಷವನ್ನು ಒಪ್ಪಿಸಿಬಿಡುತ್ತೀರಿ. ಇನ್ನು ಹಾಗೆ ಮಾಡಬೇಡಿ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯಂಥ ಊರುಗಳಲ್ಲಿ ಒಂದೇ ಬಡಾವಣೆಯ ಆಸುಪಾಸಿನಲ್ಲಿ ಒಂದಕ್ಕಿಂತ ಹೆಚ್ಚು ಸರ್ಕಾರಿ ಶಾಲೆ ಸಿಗುತ್ತವೆ. ಅವೆಲ್ಲ ಒಂದೇ ಥರ ಇರುವುದಿಲ್ಲ. ಹೋಲಿಸಿ ನೋಡುವುದು ಎರಡು ಮೂರು ವಾರದ ಕೆಲಸ, ಖರ್ಚು ಹೆಚ್ಚೆಂದರೆ ಆಟೋ ಚಾರ್ಜು. ಶುರು ಮಾಡಿ.

1. ಅನುಮಾನವನ್ನು ಮೊದಲು ಹೊರಗೆ ಹಾಕಿ

"ಸರ್ಕಾರಿ ಶಾಲೆನಾ? ಅಯ್ಯೋ!" ಎನ್ನುವುದು ಒಂದು ಅಭ್ಯಾಸ. ಅದರ ಹಿಂದೆ ಮಾಹಿತಿ ಇಲ್ಲ, ಮದುವೆಮನೆಯ ಮಾತಿದೆ ಅಷ್ಟೇ. ಅಭ್ಯಾಸ ಬದಲಿಸಬಹುದು. ನಿಮ್ಮ ಮುಂದಿರುವ ಪ್ರಶ್ನೆ ಈ ರಸ್ತೆಯ ಶಾಲೆಯೋ, ಆ ಸರ್ಕಲ್ಲಿನ ಶಾಲೆಯೋ ಎಂಬುದು. "ಸರ್ಕಾರಿ" ಎಂಬ ಹಣೆಪಟ್ಟಿ ಇದಕ್ಕೆ ಉತ್ತರ ಕೊಡುವುದಿಲ್ಲ. ಸರ್ಕಾರಿ ಶಾಲೆಯಲ್ಲಿ ಓದಿ ದೊಡ್ಡವರಾದವರ ಪಟ್ಟಿಯನ್ನೂ ಪಕ್ಕಕ್ಕಿಡಿ. ಐವತ್ತು ವರ್ಷದ ಹಿಂದೆ ಯಾರೋ ಓದಿದರು ಎಂಬ ಮಾತ್ರಕ್ಕೆ ನಾಳೆ ನಿಮ್ಮ ಮಗಳ ಕ್ಲಾಸಿಗೆ ಗಣಿತದ ಮೇಷ್ಟ್ರು ಬರುತ್ತಾರೆಂದು ಹೇಳಲಾಗದು.

2. ಎಲ್ಲ ಶಾಲೆಗಳ ಪಟ್ಟಿ ಮಾಡಿ

ಮನೆಯನ್ನು ನಡುವೆ ಇಟ್ಟು ಮ್ಯಾಪ್ ತೆಗೆಯಿರಿ. ಕರ್ನಾಟಕದ ಶಿಕ್ಷಣ ಹಕ್ಕು (ಆರ್‌ಟಿಇ) ನಿಯಮದಲ್ಲಿ ನೆರೆಹೊರೆ ಎಂದರೆ 1ರಿಂದ 5ನೇ ತರಗತಿಗೆ 1 ಕಿ.ಮೀ., 6ರಿಂದ 8ಕ್ಕೆ 3 ಕಿ.ಮೀ. ಈ ವೃತ್ತದೊಳಗಿನ ಎಲ್ಲವನ್ನೂ ಬರೆದುಕೊಳ್ಳಿ: ಕಿರಿಯ ಪ್ರಾಥಮಿಕ, ಹಿರಿಯ ಪ್ರಾಥಮಿಕ, ಪ್ರೌಢಶಾಲೆ, ಪಾಲಿಕೆ ಶಾಲೆ, ಅನುದಾನಿತ ಶಾಲೆ, ಕರ್ನಾಟಕ ಪಬ್ಲಿಕ್ ಸ್ಕೂಲ್. ಬೆಂಗಳೂರಿನಲ್ಲಾದರೆ ಉರ್ದು, ತಮಿಳು ಮಾಧ್ಯಮದ ಸರ್ಕಾರಿ ಶಾಲೆಗಳೂ ಸಿಗಬಹುದು. ಎಷ್ಟೋ ಜನಕ್ಕೆ ತಮ್ಮ ಮನೆಯ ಹಿಂದಿನ ಗಲ್ಲಿಯಲ್ಲಿ ಒಂದು ಶಾಲೆ ಇದೆ ಎಂಬುದೇ ಗೊತ್ತಿರುವುದಿಲ್ಲ, ಮತದಾನದ ದಿನ ಬಿಟ್ಟು!

ದೂರವನ್ನು ಮ್ಯಾಪಿನಲ್ಲಿ ಅಳೆದು ಸುಮ್ಮನಾಗಬೇಡಿ. ಬೆಳಿಗ್ಗೆ ಒಂಬತ್ತರ ಟ್ರಾಫಿಕ್‌ನಲ್ಲಿ ಮಗುವಿನ ಕೈ ಹಿಡಿದು ನಡೆದು ನೋಡಿ. 800 ಮೀಟರ್ ದೂರದ ಶಾಲೆಗೆ ಮೇನ್ ರೋಡ್ ದಾಟಬೇಕಾದರೆ, 1200 ಮೀಟರ್ ದೂರದ ಒಳರಸ್ತೆಯ ಶಾಲೆಯೇ ಹತ್ತಿರ.

3. ಡೈಸ್ ಕೋಡ್ ಹಿಡಿದು ಹೋಂವರ್ಕ್ ಮಾಡಿ

ಪ್ರತಿ ಶಾಲೆಗೂ 11 ಅಂಕಿಯ ಯುಡೈಸ್ ಕೋಡ್ ಇದೆ. ಕರ್ನಾಟಕದ್ದು 29ರಿಂದ ಶುರುವಾಗುತ್ತದೆ. ಎಷ್ಟೋ ಶಾಲೆಗಳಲ್ಲಿ ಗೋಡೆಯ ಮೇಲೆಯೇ ಬರೆದಿರುತ್ತಾರೆ, ಫೋಟೋ ತೆಗೆದುಕೊಳ್ಳಿ. ಯುಡೈಸ್ ಪ್ಲಸ್ ಪೋರ್ಟಲ್‌ನ "ನೋ ಯುವರ್ ಸ್ಕೂಲ್" ಪುಟದಲ್ಲಿ ಆ ಕೋಡ್ ಹಾಕಿ. ಮಕ್ಕಳ ಸಂಖ್ಯೆ, ಶಿಕ್ಷಕರ ಸಂಖ್ಯೆ, ಕೊಠಡಿ, ಶೌಚಾಲಯದಂಥ ವಿವರ ಸಿಗುತ್ತದೆ. ಹಿಂದಿನ ವರ್ಷಗಳ ದಾಖಲಾತಿ ಸಿಕ್ಕರೆ ಅಕ್ಕಪಕ್ಕ ಇಟ್ಟು ನೋಡಿ. ವರ್ಷವರ್ಷವೂ ಇಳಿಯುತ್ತಿದ್ದರೆ ಯಾಕೆಂದು ಕೇಳುವ ಹಕ್ಕು ನಿಮಗಿದೆ. ಒಂದು ಎಚ್ಚರಿಕೆ: ಇದು ಶಾಲೆಯೇ ತುಂಬಿದ ಮಾಹಿತಿ. "ಲೈಬ್ರರಿ: ಹೌದು" ಎಂದಿದ್ದರೆ ಬೀಗ ಹಾಕಿದ ಒಂದು ಬೀರುವೂ ಆಗಿರಬಹುದು. ಕಣ್ಣಿಂದ ನೋಡುವವರೆಗೆ ನಂಬಬೇಡಿ.

4. ಶಿಕ್ಷಕರನ್ನು ಎಣಿಸಿ, ಸರಾಸರಿಗೆ ಮರುಳಾಗಬೇಡಿ

ಹನ್ನೆರಡರಲ್ಲಿ ಒಂದನ್ನೇ ಪಾಲಿಸುತ್ತೀರಾದರೆ ಇದನ್ನು ಪಾಲಿಸಿ.

ಶಿಕ್ಷಣ ಹಕ್ಕು ಕಾಯ್ದೆ ಬಂದದ್ದು 2009ರಲ್ಲಿ, ಜಾರಿಯಾದದ್ದು 2010ರ ಏಪ್ರಿಲ್ 1ರಂದು. ಅದರ ಲೆಕ್ಕದಲ್ಲಿ 1ರಿಂದ 5ನೇ ತರಗತಿಯಲ್ಲಿ ಒಟ್ಟು 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು, 121ರಿಂದ 200ಕ್ಕೆ ಐವರು. ಸರಾಸರಿಯಲ್ಲಿ 30 ಮಕ್ಕಳಿಗೆ ಒಬ್ಬರು. ಕೇಳಲು ಚೆನ್ನಾಗಿದೆ. ಈಗ ಲೆಕ್ಕ ಹಾಕಿ: 44 ಮಕ್ಕಳು, ಇಬ್ಬರು ಟೀಚರ್, ಐದು ತರಗತಿ. ಸರಾಸರಿ 22, ಯಾವ ಕಾನ್ವೆಂಟಿಗೂ ಕಮ್ಮಿಯಿಲ್ಲ. ಆದರೆ ಒಬ್ಬ ಟೀಚರ್ ಏಕಕಾಲಕ್ಕೆ ಎರಡು ಮೂರು ತರಗತಿ ಹಿಡಿಯುತ್ತಿದ್ದಾರೆ. ಇನ್ನೊಬ್ಬರು ಬಿಇಒ ಕಚೇರಿಯ ಮೀಟಿಂಗಿಗೆ ಹೋದ ದಿನ ಐದೂ ತರಗತಿ ಒಬ್ಬರ ತಲೆಯ ಮೇಲೆ. ಹಾಗಾಗಿ ಮಕ್ಕಳನ್ನು ಶಿಕ್ಷಕರಿಂದ ಭಾಗಿಸುವ ಬದಲು ತರಗತಿಗಳನ್ನು ಶಿಕ್ಷಕರಿಂದ ಭಾಗಿಸಿ. ಆ ಅಂಕಿ ಒಂದಕ್ಕೆ ಹತ್ತಿರವಿದ್ದಷ್ಟೂ ಒಳ್ಳೆಯದು.

6ರಿಂದ 8ಕ್ಕೆ ಬೇರೆ ಲೆಕ್ಕ. ವಿಜ್ಞಾನ-ಗಣಿತಕ್ಕೊಬ್ಬರು, ಸಮಾಜಕ್ಕೊಬ್ಬರು, ಭಾಷೆಗೊಬ್ಬರು ಇರಬೇಕೆಂದು ಕಾಯ್ದೆಯೇ ಹೇಳುತ್ತದೆ. ನೇರವಾಗಿ ಕೇಳಿ: "ಸರ್, ಏಳನೇ ಕ್ಲಾಸಿಗೆ ಗಣಿತ ಯಾರು ತಗೋತಾರೆ?" ಹೆಸರು ತಕ್ಷಣ ಬಂದರೆ ಸಮಾಧಾನ. "ಅಡ್ಜಸ್ಟ್ ಮಾಡ್ಕೋತೀವಿ" ಎಂದರೆ ನೋಟ್‌ಬುಕ್ಕಿನಲ್ಲಿ ಕೆಂಪು ಗುರುತು ಹಾಕಿಕೊಳ್ಳಿ.

ಇನ್ನೂ ಮೂರು ಪ್ರಶ್ನೆ ಕೇಳಿ. ಎಷ್ಟು ಜನ ಕಾಯಂ, ಎಷ್ಟು ಜನ ಅತಿಥಿ ಶಿಕ್ಷಕರು? ಯಾರಾದರೂ ನಿಯೋಜನೆಯ ಮೇಲೆ ಬೇರೆಡೆ ಹೋಗಿದ್ದಾರಾ? ಹೆಡ್‌ಮಾಸ್ಟರ್ ಯಾವಾಗ ನಿವೃತ್ತಿ? ಅತಿಥಿ ಶಿಕ್ಷಕರೆಂದರೆ ಮೂಗು ಮುರಿಯಬೇಡಿ, ಅವರಲ್ಲಿ ಚೆನ್ನಾಗಿ ಪಾಠ ಮಾಡುವವರು ಬಹಳ. ತೊಂದರೆ ನೇಮಕದ ರೀತಿಯಲ್ಲಿದೆ. ಶಾಲೆ ಶುರುವಾಗಿ ಎಷ್ಟೋ ದಿನದ ಮೇಲೆ ಬಂದು ವರ್ಷದ ಕೊನೆಗೆ ಹೋದರೆ, ಮಗುವಿನ ಮುಖ ಪರಿಚಯವಾಗುವಷ್ಟರಲ್ಲಿ ವರ್ಷ ಮುಗಿದಿರುತ್ತದೆ. ಅದೇ ಅತಿಥಿ ಶಿಕ್ಷಕಿ ನಾಲ್ಕು ವರ್ಷದಿಂದ ಅಲ್ಲೇ ಬರುತ್ತಿದ್ದರೆ ಅದು ಪ್ಲಸ್ ಪಾಯಿಂಟ್.

5. ನಲಿ-ಕಲಿ ತರಗತಿ ಕಂಡು ಗಾಬರಿಯಾಗಬೇಡಿ

1, 2, 3ನೇ ತರಗತಿಯ ಮಕ್ಕಳು ಒಂದೇ ಕೊಠಡಿಯಲ್ಲಿ ನೆಲದ ಮೇಲೆ ಗುಂಪು ಗುಂಪಾಗಿ ಕೂತಿದ್ದರೆ ಅದು ಕೊಠಡಿಯ ಕೊರತೆ ಎಂದು ತೀರ್ಮಾನಿಸಬೇಡಿ. ಅದು ನಲಿ-ಕಲಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ಮುಂದೆ ರಾಜ್ಯಕ್ಕೆಲ್ಲ ಹಬ್ಬಿದ ಪದ್ಧತಿ. ಮಗು ತನ್ನ ವೇಗದಲ್ಲಿ ಕಾರ್ಡ್ ಹಿಡಿದು ಕಲಿಕಾ ಏಣಿಯ ಒಂದೊಂದೇ ಮೆಟ್ಟಿಲು ಹತ್ತುತ್ತದೆ. ನೀವು ನೋಡಬೇಕಾದದ್ದು ಇಷ್ಟು: ಕಾರ್ಡುಗಳು ಮಕ್ಕಳ ಕೈಯಲ್ಲಿವೆಯೋ, ಕಪಾಟಿನ ಮೇಲಿವೆಯೋ? ಅಂಚು ಸವೆದು ಮಾಸಿದ ಕಾರ್ಡ್ ಒಳ್ಳೆಯ ಲಕ್ಷಣ. ಹೊಚ್ಚಹೊಸದಾಗಿ ಮಿಂಚುತ್ತಿದ್ದರೆ ವಿಚಾರಿಸಿ.

6. ನಡೆಯುತ್ತಿರುವ ಶಾಲೆಗೆ ಹೋಗಿ

ಸ್ವಾತಂತ್ರ್ಯ ದಿನಾಚರಣೆಗೆ ಹೋಗಿ ಶಾಲೆ ನೋಡಿದೆ ಅನ್ನಬೇಡಿ. ಅವತ್ತು ಎಲ್ಲ ಶಾಲೆಯೂ ಚೆಂದ. ಪಾಠ ನಡೆಯುವ ದಿನ ಹೋಗಿ. ಆಫೀಸ್ ರಜೆ ಸಿಗುವುದಿಲ್ಲ ಎಂಬ ನೆಪ ಬೇಡ. ಸರ್ಕಾರಿ ಶಾಲೆ ಶನಿವಾರ ಬೆಳಿಗ್ಗೆ ನಡೆಯುತ್ತದೆ, ನಿಮಗೆ ವೀಕೆಂಡ್.

ಹೆಡ್‌ಮಾಸ್ಟರ್‌ಗೆ ಮುಂಚೆಯೇ ಹೇಳಿ, ನಮಸ್ಕಾರ ಹೇಳಿ ಒಳಗೆ ಹೋಗಿ. ಪ್ರಾರ್ಥನೆಗೆ ಐದು ನಿಮಿಷ ಮುಂಚೆಯೇ ಗೇಟಿನ ಹತ್ತಿರ ನಿಂತರೆ ಶಿಕ್ಷಕರು ಎಷ್ಟಕ್ಕೆ ಬರುತ್ತಾರೆ ಎಂಬುದು ತಾನಾಗಿ ತಿಳಿಯುತ್ತದೆ. ಅನುಮತಿ ಪಡೆದು ಮಕ್ಕಳ ಎರಡು ಮೂರು ನೋಟ್‌ಬುಕ್ ತಿರುವಿ ಹಾಕಿ. ಟೀಚರ್ ತಿದ್ದಿದ ಗುರುತಿನ ಕೆಳಗೆ ದಿನಾಂಕ ಇದೆಯಾ? ಬೋರ್ಡಿನಿಂದ ಇಳಿಸಿಕೊಂಡ ಪ್ರಶ್ನೋತ್ತರವೇ ತುಂಬಿದೆಯಾ, ಮಗು ತಾನೇ ಬರೆದ ನಾಲ್ಕು ವಾಕ್ಯ ಎಲ್ಲಾದರೂ ಇದೆಯಾ? ತಪ್ಪಿರುವ, ತಿದ್ದಿರುವ, ಮತ್ತೆ ಬರೆದಿರುವ ನೋಟ್‌ಬುಕ್ ಕಂಡರೆ ಖುಷಿಪಡಿ. ಮುತ್ತಿನಂಥ ಅಕ್ಷರದಲ್ಲಿ ಒಂದೂ ತಪ್ಪಿಲ್ಲದ ನೋಟ್‌ಬುಕ್ ಕಂಡರೆ ಸ್ವಲ್ಪ ಅನುಮಾನಪಡಿ.

ಕ್ಲಾಸಿನಲ್ಲಿ ಹಿಂದಿನ ಸಾಲನ್ನು ನೋಡಿ. ಮುಂದಿನ ಸಾಲಿನ ಮಕ್ಕಳು ಎಲ್ಲ ಶಾಲೆಯಲ್ಲೂ ಕೈ ಎತ್ತುತ್ತಾರೆ.

7. ನೆರೆಯ ಮಕ್ಕಳ ಹತ್ತಿರ ಓದಿಸಿ ನೋಡಿ

ಪ್ರಥಮ್ ಸಂಸ್ಥೆಯ ಅಸರ್ ಸಮೀಕ್ಷೆಯ ಉಪಾಯ ಬಹಳ ಸರಳ. ಅಕ್ಷರ, ಪದ, 1ನೇ ತರಗತಿ ಮಟ್ಟದ ಪ್ಯಾರಾ, 2ನೇ ತರಗತಿ ಮಟ್ಟದ ಕಥೆ, ಮಗು ಎಲ್ಲಿಯವರೆಗೆ ಓದುತ್ತದೆ ಎಂದು ನೋಡುವುದು. ಗಣಿತಕ್ಕೆ ದಶಕ ತೆಗೆದುಕೊಂಡು ಮಾಡುವ ಕಳೆಯುವ ಲೆಕ್ಕ, ಆಮೇಲೆ ಭಾಗಾಕಾರ. ಇದನ್ನು ನಿಮ್ಮ ಬೀದಿಯಲ್ಲೇ ಮಾಡಿ. ಪಟ್ಟಿಯಲ್ಲಿರುವ ಪ್ರತಿ ಶಾಲೆಯಲ್ಲಿ ಓದುವ ನಾಲ್ಕನೇ ಕ್ಲಾಸಿನ ನಾಲ್ಕೈದು ಮಕ್ಕಳನ್ನು ಹುಡುಕಿ. ಅವರ ಅಮ್ಮಂದಿರನ್ನು ಕೇಳಿ, ಆಟದಂತೆ ಓದಿಸಿ. ಪರೀಕ್ಷೆಯ ಮುಖ ಮಾಡಬೇಡಿ, ಚಾಕೊಲೇಟ್ ಮರೆಯಬೇಡಿ. ನಾಲ್ಕೈದು ಮಕ್ಕಳಿಂದ ಶಾಲೆಯ ಪೂರ್ತಿ ಚಿತ್ರ ಸಿಗುವುದಿಲ್ಲ, ನಿಜ. ಆದರೆ ಒಂದು ಶಾಲೆಯ ಮಕ್ಕಳೆಲ್ಲ ಸರಾಗವಾಗಿ ಓದಿ, ಇನ್ನೊಂದರ ಮಕ್ಕಳೆಲ್ಲ ತಡವರಿಸಿದರೆ ಅದನ್ನು ಕಡೆಗಣಿಸಬೇಡಿ. ಪತ್ರಿಕೆಯಲ್ಲಿ ಬರುವ ರಾಷ್ಟ್ರೀಯ ಸಮೀಕ್ಷೆಗಳ ಫಲಿತಾಂಶ ಜಿಲ್ಲಾ ಮಟ್ಟದ್ದು. ನಿಮ್ಮ ಬೀದಿಯ ಶಾಲೆಯ ಬಗ್ಗೆ ಅದು ಒಂದಕ್ಷರವನ್ನೂ ಹೇಳುವುದಿಲ್ಲ.

8. ಎಸ್ಸೆಸ್ಸೆಲ್ಸಿ ಶೇಕಡಾವಾರನ್ನು ಬಿಡಿಸಿ ಓದಿ

"ನಮ್ಮ ಶಾಲೆ ಹಂಡ್ರೆಡ್ ಪರ್ಸೆಂಟ್" ಎಂಬ ಬ್ಯಾನರ್ ಕಂಡರೆ ಕೇಳಿ: ಎಷ್ಟು ಜನ ಬರೆದರು? ಹತ್ತು ಜನ ಬರೆದ ಶಾಲೆಯಲ್ಲಿ ಒಬ್ಬ ಹುಡುಗ ಫೇಲಾದರೆ ಫಲಿತಾಂಶ 90ಕ್ಕೆ ಇಳಿಯುತ್ತದೆ. 120 ಜನ ಬರೆದ ಶಾಲೆಗೆ 90 ಬರಬೇಕಾದರೆ 108 ಮಕ್ಕಳನ್ನು ದಡ ಸೇರಿಸಬೇಕು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಒಂಬತ್ತನೇ ತರಗತಿಯಲ್ಲಿ ಎಷ್ಟು ಮಕ್ಕಳಿದ್ದರು, ಅವರಲ್ಲಿ ಎಷ್ಟು ಮಂದಿ ಹತ್ತರ ಪರೀಕ್ಷೆಗೆ ಕೂತರು ಎಂಬುದನ್ನೂ ಕೇಳಿ. "ವೀಕ್" ಮಕ್ಕಳನ್ನು ಮಧ್ಯದಲ್ಲೇ ಸಾಗಹಾಕಿ ಗಳಿಸಿದ ನೂರಕ್ಕೆ ಬೆಲೆಯಿಲ್ಲ.

ಬೇರೆ ಬೇರೆ ವರ್ಷದ ಫಲಿತಾಂಶವನ್ನು ಎದುರುಬದುರು ಇಡಬೇಡಿ. ರಾಜ್ಯದ ಒಟ್ಟು ಫಲಿತಾಂಶ 2023ರಲ್ಲಿ ಶೇ. 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು. ಗ್ರೇಸ್ ಮಾರ್ಕ್ಸ್ ಕೊಟ್ಟ ಮೇಲೂ ಶೇ. 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ರಾಜ್ಯದ ಮಕ್ಕಳೆಲ್ಲ ದಡ್ಡರಾದರಾ? ಕಾವಲು ಬಿಗಿಯಾಯಿತು, ಅಷ್ಟೇ. ಹಾಗಾಗಿ ಅದೇ ವರ್ಷದಲ್ಲಿ ಅಕ್ಕಪಕ್ಕದ ಶಾಲೆಗಳನ್ನು ಹೋಲಿಸಿ.

ಬ್ಯಾನರ್‌ಗಿಂತ ನಂಬಬಹುದಾದ ಇನ್ನೊಂದು ಸೂಚಕ ಹೇಳುತ್ತೇನೆ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೇ ತರಗತಿ ಮಕ್ಕಳಿಗೆ ಎನ್‌ಎಂಎಂಎಸ್ ಪರೀಕ್ಷೆ ಇದೆ. ಪೋಷಕರ ವಾರ್ಷಿಕ ಆದಾಯ 3.5 ಲಕ್ಷದೊಳಗಿರಬೇಕು. ಆಯ್ಕೆಯಾದ ಮಗುವಿಗೆ 9ರಿಂದ 12ರವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ. "ಕಳೆದ ವರ್ಷ ಎಷ್ಟು ಮಕ್ಕಳನ್ನು ಈ ಪರೀಕ್ಷೆಗೆ ಕೂರಿಸಿದಿರಿ?" ಎಂದು ಕೇಳಿ. ಪಾಸಾದವರ ಸಂಖ್ಯೆ ಆಮೇಲೆ. ಅರ್ಜಿ ಹಾಕಿಸುವ, ಸಂಜೆ ಕೂರಿಸಿಕೊಂಡು ಪ್ರಾಕ್ಟೀಸ್ ಮಾಡಿಸುವ ಒಬ್ಬ ಮೇಷ್ಟ್ರು ಇದ್ದಾರೆ ಎಂದರೆ ಆ ಶಾಲೆಗೆ ಜೀವವಿದೆ.

9. ಮೀಡಿಯಂ ಬಗ್ಗೆ ಹತ್ತು ವರ್ಷದ ಲೆಕ್ಕ ಹಾಕಿ

2019-20ರಲ್ಲಿ ರಾಜ್ಯದ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ಶುರುವಾಯಿತು. ನಿಮ್ಮ ಏರಿಯಾದಲ್ಲೂ ಅಂಥದ್ದಿರಬಹುದು. ಬೋರ್ಡ್ ನೋಡಿ ಸೇರಿಸಬೇಡಿ. ಆ ವಿಭಾಗಕ್ಕೆ ಪಾಠ ಮಾಡುವವರ ಹತ್ತಿರ ಹತ್ತು ನಿಮಿಷ ಮಾತಾಡಿ. ಇಂಗ್ಲಿಷ್ ಪುಸ್ತಕವನ್ನು ಕನ್ನಡದಲ್ಲಿ ವಿವರಿಸಿ, ಇಂಗ್ಲಿಷ್ ಉತ್ತರ ಬಾಯಿಪಾಠ ಮಾಡಿಸುವುದಾದರೆ ಮಗುವಿಗೆ ಎರಡೂ ಭಾಷೆ ದಕ್ಕುವುದಿಲ್ಲ. ಅದರ ಬದಲು ಕನ್ನಡದಲ್ಲಿ ಗಟ್ಟಿಯಾಗಿ ಗಣಿತ, ವಿಜ್ಞಾನ ಕಲಿಸಿ ಇಂಗ್ಲಿಷನ್ನು ಒಂದು ಭಾಷೆಯಾಗಿ ಚೆನ್ನಾಗಿ ಕಲಿಸುವ ಶಾಲೆ ಮೇಲು. ಇದು ನನ್ನ ಖಚಿತ ಅಭಿಪ್ರಾಯ.

ಮಹತ್ವಾಕಾಂಕ್ಷೆ ಇದ್ದವರು ಇದನ್ನೂ ತಿಳಿದಿರಿ: ಸಿಇಟಿಯ ವೃತ್ತಿಪರ ಕೋರ್ಸುಗಳಲ್ಲಿ 1ರಿಂದ 10ರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5, ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ. 15 ಮೀಸಲಾತಿ ಇದೆ. ಹತ್ತೂ ವರ್ಷದ ದಾಖಲೆ ಬೇಕು. ನಾಲ್ಕನೇ ಕ್ಲಾಸಿನಲ್ಲಿ ಮನಸ್ಸು ಬದಲಿಸಿದರೆ ಆ ಸೌಲಭ್ಯ ಕೈಬಿಡುತ್ತದೆ.

10. ಮುಂದಿನ ಮೆಟ್ಟಿಲು ಈಗಲೇ ನೋಡಿ

ಕಿರಿಯ ಪ್ರಾಥಮಿಕ 5ಕ್ಕೆ ಮುಗಿಯುತ್ತದೆ. ಹಿರಿಯ ಪ್ರಾಥಮಿಕ ಕೆಲವು ಕಡೆ 7ಕ್ಕೆ, ಕೆಲವು ಕಡೆ 8ಕ್ಕೆ. ಆಮೇಲೆ ಎಲ್ಲಿಗೆ? ಹೆಣ್ಣುಮಕ್ಕಳ ಓದು ನಿಲ್ಲುವುದು ಎಷ್ಟೋ ಸಲ ಈ ಜಾಗದಲ್ಲೇ. ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣದಲ್ಲಿರುವ ಕರ್ನಾಟಕ ಪಬ್ಲಿಕ್ ಸ್ಕೂಲ್ ಹತ್ತಿರವಿದ್ದರೆ ಈ ತಲೆನೋವು ಇಲ್ಲ. ಆದರೆ ಅದೊಂದೇ ಕಾರಣಕ್ಕೆ ಮೂರು ಬಸ್ ಬದಲಿಸಬೇಡಿ. 6ನೇ ತರಗತಿಗೆ ಆದರ್ಶ ವಿದ್ಯಾಲಯ, ಮೊರಾರ್ಜಿ ದೇಸಾಯಿ ವಸತಿ ಶಾಲೆ, ನವೋದಯಕ್ಕೆ ಪ್ರವೇಶ ಪರೀಕ್ಷೆಯ ದಾರಿ ಇದೆ. ಐದನೇ ಕ್ಲಾಸಿನ ಮಕ್ಕಳನ್ನು ಅದಕ್ಕೆ ತಯಾರು ಮಾಡುವ ಶಾಲೆ ಯಾವುದು ಎಂದು ಕೇಳಿ, ಅದಕ್ಕೆ ಎಕ್ಸ್‌ಟ್ರಾ ಮಾರ್ಕ್ಸ್ ಕೊಡಿ.

11. ಊಟ, ನೀರು, ಟಾಯ್ಲೆಟ್: ಇಲ್ಲಿ ಪಾಸ್ ಅಥವಾ ಫೇಲ್

ಅಂಕ ಕೊಡುತ್ತಾ ಕೂರಬೇಡಿ. ಹೆಣ್ಣುಮಕ್ಕಳ ಟಾಯ್ಲೆಟ್‌ಗೆ ನೀರಿಲ್ಲ, ಚಿಲಕವಿಲ್ಲ ಎಂದರೆ ಫೇಲ್. ಬಿಸಿಯೂಟ 2002ರಲ್ಲಿ ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಅಕ್ಷರ ದಾಸೋಹವಾಗಿ ಶುರುವಾದದ್ದು. ಈಗ ಬೆಂಗಳೂರಿನ ಹಲವು ಶಾಲೆಗಳಿಗೆ ದೊಡ್ಡ ಅಡುಗೆಮನೆಯಿಂದ ವ್ಯಾನಿನಲ್ಲಿ ಊಟ ಬರುತ್ತದೆ. ಎಷ್ಟು ಗಂಟೆಗೆ ಬರುತ್ತದೆ ಎಂದು ಕೇಳಿ. ಶಿಕ್ಷಕರು ಅದೇ ಊಟ ಮಾಡುವ ಶಾಲೆಯಾದರೆ ರುಚಿಯ ಬಗ್ಗೆ ಬೇರೆ ವಿಚಾರಣೆ ಬೇಕಿಲ್ಲ.

12. ಎಸ್‌ಡಿಎಂಸಿ ಭೇಟಿ ಮಾಡಿ, ತೀರ್ಮಾನಕ್ಕೆ ಡೆಡ್‌ಲೈನ್ ಹಾಕಿ

ಪ್ರತಿ ಸರ್ಕಾರಿ ಶಾಲೆಗೂ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇರಬೇಕು. ಕಾಯ್ದೆಯ ಪ್ರಕಾರ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು. ಕೊನೆಯ ಮೀಟಿಂಗ್ ಯಾವಾಗ ನಡೆಯಿತು, ಏನು ತೀರ್ಮಾನವಾಯಿತು ಎಂದು ಅಧ್ಯಕ್ಷರನ್ನು ಕೇಳಿ. ಅಧ್ಯಕ್ಷರು ಯಾರೆಂದು ಗೇಟಿನ ಹತ್ತಿರ ನಿಂತ ಒಬ್ಬ ತಾಯಿಗೂ ಗೊತ್ತಿಲ್ಲದಿದ್ದರೆ ಅದೇ ಉತ್ತರ. ಮಾಹಿತಿ ಕೊಡಲು ಯಾರಾದರೂ ಸತಾಯಿಸಿದರೆ ಜಗಳ ಆಡಬೇಡಿ. 10 ರೂಪಾಯಿಯ ಆರ್‌ಟಿಐ ಅರ್ಜಿ ಹಾಕಿ. 30 ದಿನದಲ್ಲಿ ಉತ್ತರ ಕೊಡಬೇಕು.

ಈಗ ಒಂದೇ ಹಾಳೆಯಲ್ಲಿ ಎಲ್ಲ ಶಾಲೆಗಳನ್ನು ಬರೆದು 100ಕ್ಕೆ ಅಂಕ ಹಾಕಿ. ಶಿಕ್ಷಕರಿಗೆ 40, ನೀವು ಕ್ಲಾಸಿನಲ್ಲಿ ಮತ್ತು ಮಕ್ಕಳ ಓದಿನಲ್ಲಿ ಕಂಡದ್ದಕ್ಕೆ 30, ಮುಂದಿನ ದಾರಿಗೆ 15, ನಡೆದು ಹೋಗುವ ಸುರಕ್ಷತೆಗೆ 15. ಕಟ್ಟಡದ ಬಣ್ಣಕ್ಕೆ ಸೊನ್ನೆ. ಎರಡು ಶಾಲೆಗೆ ಸಮ ಅಂಕ ಬಂದರೆ ಹತ್ತಿರದ್ದನ್ನು ಹಿಡಿಯಿರಿ, ಮೀಟಿಂಗಿಗೆ ನೀವೇ ಹೋಗಲು ಅನುಕೂಲ.

ಸೇರಿಸುವಾಗ ನಿಮ್ಮ ಹಕ್ಕು ತಿಳಿದಿರಿ. ನೆರೆಹೊರೆಯ ಶಾಲೆಯಲ್ಲಿ 1ರಿಂದ 8ನೇ ತರಗತಿವರೆಗೆ ಪ್ರವೇಶಕ್ಕೆ ಮಗುವಿಗೆ ಟೆಸ್ಟ್ ಇಡುವಂತಿಲ್ಲ (ಪ್ರವೇಶ ಪರೀಕ್ಷೆಯ ನವೋದಯದಂಥ ಶಾಲೆಗಳ ಮಾತು ಬೇರೆ), ಡೊನೇಶನ್ ಕೇಳುವಂತಿಲ್ಲ. ಟಿಸಿ ತಡವಾಯಿತೆಂದು ದಾಖಲಾತಿ ನಿರಾಕರಿಸುವಂತಿಲ್ಲ. ಒಂದು ವೇಳೆ ನಿಮ್ಮ ಆಯ್ಕೆ ಕೈಕೊಟ್ಟರೆ ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ವರ್ಗಾವಣೆ ಕೇಳುವ ಹಕ್ಕೂ ಕಾಯ್ದೆಯಲ್ಲೇ ಇದೆ. ಹೆದರಿಕೊಂಡು ಕೂರಬೇಡಿ.

ದಾಖಲಾತಿಯ ಗದ್ದಲ ಶುರುವಾಗುವುದು ಬೇಸಿಗೆ ರಜೆಯಲ್ಲಿ. ಆಗ ಶಾಲೆಗೆ ಹೋದರೆ ಮಕ್ಕಳಿಲ್ಲ, ಪಾಠವಿಲ್ಲ, ಖಾಲಿ ಕಟ್ಟಡ ಮಾತ್ರ ಇರುತ್ತದೆ. ಹೋಲಿಸುವ ಕೆಲಸವೆಲ್ಲ ಮಾರ್ಚ್‌ಗೆ ಮುಂಚೆ ಮುಗಿಯಬೇಕು. ಈ ಶನಿವಾರದ ಬೆಳಗ್ಗೆಗೆ ಮೊದಲ ಎರಡು ಶಾಲೆಗಳನ್ನು ಕ್ಯಾಲೆಂಡರಿನಲ್ಲಿ ಬರೆದುಕೊಳ್ಳಿ, ಹೆಡ್‌ಮಾಸ್ಟರ್‌ಗೆ ಇವತ್ತೇ ಒಂದು ಫೋನ್ ಮಾಡಿ.